ಮೂರು ಗಂಟೆಯ ಹವೆಯ ವರದಿ

೧೯೫೪ರ ಮೇ ತಿಂಗಳು. ಸವದತ್ತಿಯ ವೈರ್‌ಲೆಸ್ ಠಾಣೆಯಲ್ಲಿ ಕುಳಿತು, ಪ್ರಯಾಣಿಕರ ವಿಮಾನಗಳ ಪೈಲಟ್‌ಗಳು ಹೇಳುವ ಹವೆಯ ವಿವರವನ್ನು ಬರೆದುಕೊಂಡು ಮುನ್ಸೂಚನೆಗಾಗಿ ಹವಾಮಾನ ಕಚೇರಿಗೆ ತಂತಿ ಕಳಿಸುವುದು ನನ್ನ ಕೆಲಸ. ಧಾರವಾಡದವರೇ ಆದ ಪೈಲಟ್ ನೀಲಕಂಠರಾಯರ ವಿಮಾನ ಸಮುದ್ರಕ್ಕೆ ಬಿದ್ದು ಎಲ್ಲರೂ ಸತ್ತ ಸುದ್ದಿ ಆ ಬೆಳಿಗ್ಗೆ ಬಂದಿತ್ತು.

ಮಧ್ಯಾಹ್ನ ಮೂರಕ್ಕೆ ಅವರದೇ ದನಿ ಕೇಳಿಸಿತು. ಅದರ ಹಿಂದೆ ಇಂಜಿನ್ನಿನ ಸದ್ದಿರಲಿಲ್ಲ.

"ಮನೋಳಿ ಮ್ಯಾಲ ಅದೀನಿ. ಭಾಳ ಥಂಡಿ ಐತಿ. ಆಣಿಕಲ್ಲು ಬೀಳತಾವ, ಹೊಲದಾಗಿನ ಮಂದಿಗೆ ಹೇಳ್ರಿ."

ಹೆಡ್‌ಫೋನು ಕಿವಿಗೆ ಮಂಜುಗಡ್ಡೆಯಂತೆ ಕೊರೆಯಿತು. ನಾನು ಬರೆದದ್ದನ್ನು ಓದಿದ ಜವಾನ ಹುಸೇನಪೀರ ತಂತಿಯ ಫಾರಮನ್ನು ನನ್ನ ಮುಂದಿಟ್ಟ. "ತಂತಿ ಕೊಡ್ರಿ ಸಾಹೇಬ್ರ, ನನ್ನ ತಂಗಿ ಮನೋಳ್ಯಾಗ ಅದಾಳ."

ಸತ್ತವರು ಕೊಟ್ಟ ವರದಿಯೆಂದು ಯಾರಿಗೆ ಹೇಳಲಿ? ನಾನು ಕಳಿಸಲಿಲ್ಲ.

ಸಂಜೆ ಆಣೆಕಲ್ಲಿನ ಹೊಡೆತಕ್ಕೆ ಮನೋಳಿಯ ಹೊಲದಲ್ಲಿ ಏಳು ಜನ ಸತ್ತರು. ಅವರಲ್ಲಿ ಅವನ ತಂಗಿ ಕಾಶಿಂಬಿಯೂ ಒಬ್ಬಳು.

ಮರುದಿನ ಮೂರಕ್ಕೆ ನೀಲಕಂಠರಾಯರು ಕೇಳಿದರು: "ಹೇಳಿದ್ರೇನ್ರಿ?"

ತಂಗಿಯ ಮಣ್ಣು ಮುಗಿಸಿ ಬಂದ ಹುಸೇನಪೀರ ಬಾಗಿಲಲ್ಲಿ ನಿಂತಿದ್ದ. "ವಿಮಾನದವ್ರು ಏನಂದ್ರು, ಸಾಹೇಬ್ರ?"

ಬರೆದುಕೊಂಡ ಹಾಳೆಯನ್ನು ನಾನು ಮಗುಚಿಟ್ಟೆ.