ಅರ್ಧಕ್ಕೆ ನಿಂತ ಕತೆಗೊಂದು ಆಯಾರ

ಎದ್ದು ನಿಂತ ಮೇಲೆಯೇ ಕಾವೇರಿಗೆ ಗೊತ್ತಾದದ್ದು, ಇಡೀ ಸಭಾಂಗಣದಲ್ಲಿ ತಾನೊಬ್ಬಳೇ ನಿಂತಿದ್ದೇನೆ ಎಂದು!

ಊರು ಜಪಾನಿನ ಒಸಾಕಾ. ಹೊತ್ತು ಮಧ್ಯಾಹ್ನ ಮೂರು. ಸುತ್ತಲೂ ಇನ್ನೂರು ಜಪಾನೀಯರು. ಎದುರಿಗೆ ವೇದಿಕೆಯ ಮೇಲೆ, ನೇರಳೆ ಬಣ್ಣದ ದಿಂಬಿನ ಮೇಲೆ ಮಂಡಿ ಮಡಿಸಿ ಕೂತ ಎಪ್ಪತ್ತರ ಒಬ್ಬ ಅಜ್ಜ. ಅವನ ಬಳಿ ಒಂದು ಬೀಸಣಿಗೆ, ಒಂದು ಚಿಕ್ಕ ಕೈವಸ್ತ್ರ. ಅಷ್ಟೇ ಸಾಮಾನು. ಅಷ್ಟರಲ್ಲೇ ಅವನು ಅರ್ಧ ಗಂಟೆಯಿಂದ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ.

ಈಗ ಆ ಅಜ್ಜ ಮಾತು ನಿಲ್ಲಿಸಿ ನೇರವಾಗಿ ಅವಳ ಕಣ್ಣನ್ನೇ ನೋಡಿದ.

ಸಭೆಯ ನಗು ಕತ್ತರಿಸಿದಂತೆ ನಿಂತಿತು.

ಕಾವೇರಿಯ ಕೈಯಲ್ಲಿ ಒಂದು ಶಾಲು ಇತ್ತು.

'ಅಯ್ಯೋ ಶಿವನ... ನಾ ಏನ ಮಾಡಾಕತ್ತೇನಿ!'

ಅವಳ ತಪ್ಪೂ ಅಲ್ಲ ಬಿಡಿ. ಹಲಗೇರಿಯ ಜಟ್ಟೆಪ್ಪನ ಮಗಳು ಅವಳು. ಅವಳ ಸೀಮೆಯಲ್ಲಿ ನಾಟಕವಿರಲಿ, ನಗೆಹಬ್ಬವಿರಲಿ, ಕಲಾವಿದ ಮನಸ್ಸು ಮುಟ್ಟಿದನೆಂದರೆ ಜನ ಸುಮ್ಮನೆ ಕೂರುವುದಿಲ್ಲ. ಆಟದ ನಡುವೆಯೇ ಎದ್ದು ಹೋಗಿ ಶಾಲೋ, ಟವೆಲೋ, ನೋಟೋ ಕೊಟ್ಟು ಬರುತ್ತಾರೆ. ಅದಕ್ಕೆ ಆಯಾರ ಎನ್ನುತ್ತಾರೆ. ಕಲಾವಿದ ಕತೆ ನಿಲ್ಲಿಸಿ, ಮೈಕಿನಲ್ಲಿ ಅವರ ಹೆಸರು ಹೇಳಿ, ಮತ್ತೆ ಮುಂದುವರಿಸುತ್ತಾನೆ. ಯಾರಿಗೂ ಬೇಸರವಿಲ್ಲ.

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕಾವೇರಿ ಸೂಪರ್‌ವೈಸರ್. ತರಬೇತಿಗೆಂದು ಹನ್ನೆರಡು ದಿನ ಇಲ್ಲಿಗೆ ಕಳಿಸಿದ್ದರು. ಆತಿಥೇಯರಿಗೆ ಹೊದಿಸಲು ತಂದ ಶಾಲುಗಳಲ್ಲಿ ಒಂದು ಉಳಿದು ಚೀಲದಲ್ಲೇ ಇತ್ತು. ಅಲ್ಲಿನ ಕಂಪನಿಯ ಮಿಚಿಕೊ ಎಂಬ ಹೆಂಗಸು, "ಒಂದು ಭಾನುವಾರ ನಮ್ಮ ನಗುವನ್ನೂ ನೋಡಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಕರೆದುಕೊಂಡು ಬಂದಿದ್ದಳು. ಒಬ್ಬನೇ ಕೂತು ಹೇಳುವ ನಗೆಕತೆ. ರಾಕುಗೊ ಎಂದು ಹೆಸರು.

ಒಂದು ಪದವೂ ಅರ್ಥವಾಗಲಿಲ್ಲ. ಆದರೂ ಕಾವೇರಿ ನಕ್ಕಳು. ಅಜ್ಜ ಎಡಕ್ಕೆ ತಿರುಗಿದರೆ ಅಂಗಡಿಯವನು, ಬಲಕ್ಕೆ ತಿರುಗಿದರೆ ಚಳಿಯಲ್ಲಿ ನಡುಗುವ ಬಡ ಗಿರಾಕಿ. ಬೀಸಣಿಗೆಯಿಂದಲೇ ಬಿಸಿ ಬಿಸಿ ಶಾವಿಗೆ ಸೊರ್ ಎಂದು ಹೀರಿದ!

ನಗುತ್ತಾ ನಗುತ್ತಾ ಅವಳಿಗೆ ಇನ್ನೊಬ್ಬ ನೆನಪಾಗಿಬಿಟ್ಟ. ಹೆಗಲ ಮೇಲಿನ ಒಂದೇ ಟವೆಲನ್ನು ಬಸ್ಸಿನ ಸ್ಟೇರಿಂಗ್ ಮಾಡುತ್ತಿದ್ದವನು, ಅಳುವ ಕೂಸು ಮಾಡುತ್ತಿದ್ದವನು...

ಕಣ್ಣು ತುಂಬಿ ಬಂತು. ಕೈ ತಾನಾಗಿಯೇ ಶಾಲು ಹಿಡಿಯಿತು, ಕಾಲು ತಾವಾಗಿಯೇ ಎದ್ದವು.

ಈಗ ಕೂರುವಂತಿಲ್ಲ, ಹೋಗುವಂತಿಲ್ಲ. ಅಷ್ಟರಲ್ಲಿ ಅಜ್ಜ ಬೀಸಣಿಗೆ ಕೆಳಗಿಟ್ಟ. ಕೈವಸ್ತ್ರವನ್ನು ಎರಡೂ ಅಂಗೈ ಮೇಲೆ ಹರವಿ, ಅವಳತ್ತ ಮೆಲ್ಲನೆ ಚಾಚಿದ.

ಹೀಗೆಯೇ... ಮೂರು ವರ್ಷದ ಹಿಂದೆ ಹೀಗೆಯೇ ಒಬ್ಬ ಟವೆಲ್ ಹರವಿ ನಿಂತಿದ್ದ!

* * *

ಅವನು ಕನಕರಾಜ. ಕುಪ್ಪೇಲೂರಿನವನು, ಬ್ಯಾಡಗಿಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟವನು. ಕಾವೇರಿಯ ಕಂಪನಿಯ ಮಹಿಳಾ ದಿನಾಚರಣೆಗೆ ಮೈಕ್ ಕಟ್ಟಲು ಬಂದಿದ್ದ. ಭಾಷಣಕಾರರು ಬರಲಿಲ್ಲ. "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎಂದು ಶುರು ಮಾಡಿದವನು ಒಂದು ಗಂಟೆ ಕಾಲ ಜನರನ್ನು ನಗಿಸಿದ. ಕಾವೇರಿ ನಕ್ಕ ರಭಸಕ್ಕೆ ಕೈಯಲ್ಲಿದ್ದ ಚಹಾ ಅವನ ವೈರಿನ ಮೇಲೆಯೇ ಚೆಲ್ಲಿತು. ಅಲ್ಲಿಂದ ಪರಿಚಯ, ಅಲ್ಲಿಂದ ಪ್ರೀತಿ.

ನೆಟ್‌ಹೌಸಿನ ಬಲೆಯೊಳಗೆ ಡೊಣ್ಣಮೆಣಸಿನ ಹೂವಿಗೆ ಕೈಯಿಂದಲೇ ಪರಾಗ ಹಚ್ಚಿ, ಹಚ್ಚಿದ ಹೂವಿಗೆ ಕೆಂಪು ಉಣ್ಣೆಯ ದಾರ ಕಟ್ಟುವುದು ಅವಳ ಕೈಕೆಳಗಿನ ಹೆಣ್ಣುಮಕ್ಕಳ ಕೆಲಸ. ದಾರ ಕಟ್ಟಿದ ಹೂವಿಗೆ ಮತ್ತೊಬ್ಬರು ಕೈ ಹಚ್ಚುವಂತಿಲ್ಲ. ಕಾವೇರಿ ಹೂಗಳ ಜೊತೆ ಮಾತಾಡುತ್ತಿದ್ದಳು, ಬೈಯುತ್ತಿದ್ದಳು. ಅದನ್ನು ನಾಚುತ್ತಲೇ ಕನಕರಾಜನೊಬ್ಬನಿಗೆ ಹೇಳಿದ್ದಳು. ಒಂದು ಸಂಜೆ ತಮಾಷೆಗೆ ಅವನ ಬೆರಳಿಗೂ ಒಂದು ದಾರ ಕಟ್ಟಿದ್ದಳು.

ಆಮೇಲೆ ಹಾವೇರಿಯ ಆ ನಗೆಹಬ್ಬ. ಕನಕರಾಜನ ಮೊದಲ ದೊಡ್ಡ ವೇದಿಕೆ. ಅವನು ಹೇಳತೊಡಗಿದ್ದೇ ಬೀಜದ ಕಂಪನಿಯಲ್ಲಿ ಹೂವಿಗೆ ಬೈಯುವ ಹಲಗೇರಿ ಹುಡುಗಿಯ ಕತೆ!

ಜನ ಬಿದ್ದು ಬಿದ್ದು ನಕ್ಕರು. ಹಿಂದಿನ ಸಾಲಿನಲ್ಲಿ ಅವಳ ಚಿಕ್ಕಪ್ಪನ ಮಗ ಕಲ್ಲೇಶ, "ಏ, ಇದು ನಮ್ಮ ಕಾವೇರಿನಲೇ!" ಎಂದು ಕೂಗಿಯೇ ಬಿಟ್ಟ. ಅಪ್ಪನಿಗೆ ಇನ್ನೂ ವಿಷಯ ಹೇಳಿರಲಿಲ್ಲ. ಕಾವೇರಿಗೆ ಮೈಯೆಲ್ಲ ಉರಿದುಹೋಯಿತು.

ದಡಬಡಿಸಿ ಎದ್ದಳು. ಬಾಗಿಲು ಇದ್ದದ್ದು ವೇದಿಕೆಯ ಪಕ್ಕದಲ್ಲಿ. ಅವಳು ಅತ್ತ ಹೆಜ್ಜೆ ಹಾಕುತ್ತಿದ್ದಂತೆ ಕನಕರಾಜ ಕತೆ ನಿಲ್ಲಿಸಿದ. ಟವೆಲನ್ನು ಎರಡೂ ಕೈಯಲ್ಲಿ ಹರವಿ, "ಬರ್ರಿ, ಬರ್ರಿ..." ಎಂದ. ಸಭೆ ಮತ್ತೆ ಗೊಳ್ಳೆಂದು ನಕ್ಕಿತು.

'ನನ್ನ ಮರ್ಯಾದಿ ತಗದದ್ದು ಸಾಲದ, ಮ್ಯಾಲ ಅಣಕ ಬ್ಯಾರೆ!'

ಅವಳು ಮುಖ ತಿರುಗಿಸಿ ಹೊರನಡೆದಳು. ಬಸ್ಸಿನಲ್ಲೇ ಮೆಸೇಜು ಹಾಕಿದಳು: 'ಇನ್ನ ಮುಂದ ನನ್ನ ಹೆಸರ ತಗೀಬ್ಯಾಡ.' ನಂಬರ್ ಬ್ಲಾಕ್ ಮಾಡಿದಳು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬಂದೀತೆ? ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು ಇಟ್ಟಿದ್ದಾಳೆ. 'ತಪ್ಪು ಅಂವಂದು, ಅಂವನ ಬರ್ಲಿ' ಎಂಬ ಹಟ. ಹಟಕ್ಕೆ ಬಿದ್ದು ಮೂರು ವರ್ಷ ಕಳೆದುಬಿಟ್ಟಳು, ಪೆದ್ದಿ!

* * *

ಅಜ್ಜನ ಅಂಗೈ ಇನ್ನೂ ಚಾಚಿಯೇ ಇತ್ತು.

ಕಾವೇರಿ ಈಗ ಅವನ ಮುಖವನ್ನು ಸರಿಯಾಗಿ ನೋಡಿದಳು. ಅಲ್ಲಿ ಅಣಕವಿರಲಿಲ್ಲ. ನಡುವೆ ಎದ್ದ ಈ ಪರದೇಶಿ ಹೆಣ್ಣು ತನ್ನವರೆಗೆ ಬರುತ್ತಾಳೋ, ಬೆನ್ನು ತಿರುಗಿಸಿ ಹೋಗುತ್ತಾಳೋ ಎಂಬ ಸಣ್ಣ ಅಳುಕು ಮಾತ್ರ ಇತ್ತು.

ಆ ಅಳುಕನ್ನು ಅವಳು ಮೊದಲೂ ಕನಕರಾಜನ ಮುಖದಲ್ಲಿ ನೋಡಿದ್ದಳು. ನೋಡಿದ್ದಳು, ಆದರೆ ತಿಳಿದಿರಲಿಲ್ಲ!

'ನಾ ಆಯಾರ ಮಾಡಾಕ ಬರಾಕತ್ತೇನಿ ಅಂತ ತಿಳ್ಕೊಂಡಿದ್ದ... ಅದಕ್ಕ ಟವೆಲ್ ಹಿಡಿದಿದ್ದ...'

ವೇದಿಕೆಯವರೆಗೆ ನಡೆದುಹೋಗಿ ಶಾಲನ್ನು ಅಜ್ಜನ ಅಂಗೈ ಮೇಲಿಟ್ಟಳು. ಅಜ್ಜ ಹಣೆ ನೆಲಕ್ಕೆ ಮುಟ್ಟುವಂತೆ ಬಾಗಿದ. ಶಾಲನ್ನು ಹೆಗಲಿಗೆ ಸುತ್ತಿಕೊಂಡು ಒಂದೇ ಒಂದು ಮಾತು ಹೇಳಿದ. ಇಡೀ ಸಭೆ ನಗುವಿನಿಂದ ಸ್ಫೋಟಿಸಿತು!

ಕಾವೇರಿಯ ಕಾಲು ಹಳೆಯ ಚಾಳಿಯಂತೆ ಬಾಗಿಲ ಕಡೆ ತಿರುಗಿತು.

ಮಿಚಿಕೊ ಓಡಿ ಬಂದು ಅವಳ ಕೈ ಹಿಡಿದಳು. ವರ್ಷಕ್ಕೊಮ್ಮೆ ರಾಣೆಬೆನ್ನೂರಿಗೆ ಬರುವ ಮಿಚಿಕೊ, ನೆಟ್‌ಹೌಸಿನ ಹೆಣ್ಣುಮಕ್ಕಳಿಂದ ಕಲಿತದ್ದು ಒಂದೇ ಕನ್ನಡ ಮಾತು.

"ಕುಂದ್ರಿ, ಕುಂದ್ರಿ!"

ಕಾವೇರಿ ತನ್ನ ಜಾಗಕ್ಕೆ ಮರಳಿ ಕೂತಳು. ಆವತ್ತು ಹಾವೇರಿಯಲ್ಲಿ ಯಾರಾದರೂ ಹೀಗೆ ಕೈ ಹಿಡಿದು ಕೂರಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎನಿಸಿತು.

"ಅವರು ಏನಂದರು?" ಎಂದು ಪಿಸುಗುಟ್ಟಿದಳು.

"ಈ ಕತೆಯ ಗಿರಾಕಿಗೆ ಚಳಿ ಎಂದು ಐವತ್ತು ವರ್ಷದಿಂದ ಹೇಳುತ್ತಿದ್ದೇನೆ, ಇವತ್ತು ಒಬ್ಬರು ನಂಬಿದರು ಎಂದರು. ಜನ ನಿನ್ನನ್ನು ನೋಡಿ ನಗಲಿಲ್ಲ ಕಾವೇರಿ. ನೀನು ಬಂದದ್ದಕ್ಕೆ ಖುಷಿಯಾಗಿ ನಕ್ಕರು."

ಅಜ್ಜ ಶಾಲು ಹೊದ್ದೇ ಕತೆ ಮುಂದುವರಿಸಿದ. ಕೊನೆಗೊಂದು ಮಾತು ಆಡಿ ಬಾಗಿದ. ಚಪ್ಪಾಳೆ ಬಿತ್ತು.

"ಇದರಲ್ಲಿ ಕೊನೆಯ ಮಾತೇ ಜೀವ," ಎಂದಳು ಮಿಚಿಕೊ. "ಮೊದಲು ಹೇಳಿದ್ದೆಲ್ಲ ಅದಕ್ಕಾಗಿಯೇ. ಅದನ್ನು ಕೇಳದೆ ಎದ್ದು ಹೋದವರು ಕತೆಯನ್ನೇ ಕೇಳಿಲ್ಲ ಎಂದು ಅರ್ಥ."

ಕಾವೇರಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಹೊರಗೆ ಬಂದವಳೇ ಗೆಳತಿ ಮಹಮೂದಾಬೇಗಂಗೆ ಫೋನ್ ಹಚ್ಚಿದಳು. ಆವತ್ತು ಹಾವೇರಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವಳು ಅವಳೇ.

"ಮಹಮೂದಾ, ಖರೇ ಹೇಳು. ನಾ ಎದ್ದು ಹೋದ ಮ್ಯಾಲ ಅಂವ ಕತಿ ಹೆಂಗ ಮುಗಿಸಿದ?"

"ಮುಗಿಸ್ಲೇ ಇಲ್ಲವಾ. ಟವೆಲ್ ಹಾಂಗ ಹಿಡಕೊಂಡು ಬಾಗಲಾ ನೋಡಕೋತ ನಿಂತಿದ್ದ. ಆಮ್ಯಾಲ ಮೈಕ್ ಆಫ್ ಮಾಡಿ ಇಳದು ಹೋದ. ಅವತ್ತಿಂದ ಎಲ್ಲೂ ಕತಿ ಹೇಳಿಲ್ಲಂತ."

"ನನಗ್ಯಾಕ ಹೇಳಲಿಲ್ಲ ನೀ?"

"ಅಂವನ ಹೆಸರ ತಗದ್ರ ನನ್ನ ಹೆಣಾ ನೋಡ್ತಿ ಅಂತ ಆಣಿ ಹಾಕಿದ್ದಿಯಲ್ಲ ತಾಯಿ!"

* * *

ಬ್ಯಾಡಗಿಯಲ್ಲಿ ಅಳುವವರಿಗೆ ಒಂದು ಅನುಕೂಲವಿದೆ. ಮೆಣಸಿನಕಾಯಿ ಘಾಟು ಎಂದರೆ ಸಾಕು, ಯಾರೂ ಕಾರಣ ಕೇಳುವುದಿಲ್ಲ. ಊರಿಗೆ ಮರಳಿದ ಮರುದಿನವೇ ಕಾವೇರಿ ಕಣ್ಣೊರೆಸಿಕೊಳ್ಳುತ್ತಾ ಮೈಕ್‌ಸೆಟ್ ಅಂಗಡಿಯ ಮುಂದೆ ನಿಂತಳು.

ಕನಕರಾಜ ವೈರು ಬೆಸೆಯುತ್ತಾ ಕೂತಿದ್ದ. ಬಡವಾಗಿದ್ದ. ಕಿವಿಯ ಬಳಿ ನಾಲ್ಕು ಕೂದಲು ಬೆಳ್ಳಗಾಗಿದ್ದವು. ಅವಳನ್ನು ಕಂಡು ಒಂದು ಕ್ಷಣ ಕಣ್ಣು ಅಗಲವಾದವು, ಮತ್ತೆ ವೈರಿಗಿಳಿದವು.

"ಬರ್ರಿ ಮೇಡಂ. ಯಾವ ಕಾರ್ಯಕ್ರಮಕ್ಕ ಬೇಕಾಗಿತ್ರಿ ಮೈಕು?"

ಆ 'ಮೇಡಂ' ಅವಳ ಎದೆಗೆ ಚುಚ್ಚಿತು.

"ಕನಕಾ... ಅವತ್ತು ನಾ ಆಯಾರ ಮಾಡಾಕ ಬರಾಕತ್ತೇನಿ ಅಂತ ತಿಳ್ಕೊಂಡಿದ್ದೇನು?"

ಅವನ ಕೈ ನಿಂತಿತು.

"ಮತ್ತೇನ ತಿಳಕೋಬೇಕಿತ್ತು? ನಡುವ ಎದ್ದು ವೇದಿಕಿ ಕಡೆ ಬಂದ್ರ ನಮ್ಮ ಕಡೆ ಬ್ಯಾರೆ ಅರ್ಥ ಐತೇನು?"

"ನೀ ಅಣಕ ಮಾಡಾಕತ್ತೀದಿ ಅಂತ ತಿಳ್ಕೊಂಡೆ ನಾ. ತಪ್ಪಾತು. ಭಾಳ ದೊಡ್ಡ ತಪ್ಪಾತು!"

"ತಪ್ಪು ನಂದೂ ಐತಿ. ಒಬ್ಬನ ಮುಂದ ಹೇಳಿದ್ದನ್ನ ಊರ ಮುಂದ ಹೇಳೂ ಮೊದಲ ನಿನ್ನ ಒಂದ ಮಾತು ಕೇಳಬೇಕಿತ್ತು."

"ಅದನ್ನ ಬಂದು ಯಾಕ ಹೇಳಲಿಲ್ಲ?"

"ಬಂದಿದ್ದೆ. ಎರಡ ಸಲ ಹಲಗೇರ್ಯಾಗ ಬಸ್ ಇಳದು ಹಾಂಗ ವಾಪಸ್ ಬಂದೆ. ಹೆಸರ ತಗೀಬ್ಯಾಡ ಅಂದಿದ್ದಿ. ನಗಸಾಂವಗೂ ಮಾನ ಇರತೈತಿ ಕಾವೇರಿ."

ಅವನೇ ಮೆಲ್ಲಗೆ ಮುಂದುವರಿಸಿದ.

"ಅವ್ವ ಮುಂದಿನ ಸಾಲಿನ್ಯಾಗ ಕುಂತಿದ್ಲು ಅವತ್ತು. ಕತಿ ಮುಗದ ಮ್ಯಾಲ ನಿನಗ ಆಯಾರ ಮಾಡಬೇಕಂತ ಇಳಕಲ್ ಸೀರಿ ತಂದಿದ್ಲು. ಹೋದ ವರ್ಷ ತೀರಿಕೊಂಡ್ಲು. ಕಡೀತನಕ ಕೇಳತಿದ್ಲು... 'ಆ ಹುಡುಗಿ ಒಂದೀಟು ಹೊತ್ತು ಯಾಕ ಕುಂದರಲಿಲ್ಲೋ ತಮ್ಮಾ' ಅಂತ."

ಕಾವೇರಿ ಅಲ್ಲೇ ಇದ್ದ ಸ್ಪೀಕರ್ ಪೆಟ್ಟಿಗೆಯ ಮೇಲೆ ಕುಸಿದಳು. ಅವನ ಅವ್ವ ದೇವವ್ವನನ್ನು ಅವಳು ಒಮ್ಮೆಯೂ ಮಾತಾಡಿಸಿರಲಿಲ್ಲ. ಇನ್ನು ಮಾತಾಡಿಸುವಂತೆಯೂ ಇಲ್ಲ. ಕನಕರಾಜ ಕ್ಷಮಿಸಬಹುದು, ಊರು ಮರೆಯಬಹುದು. ಆದರೆ ಮುಂದಿನ ಸಾಲಿನಲ್ಲಿ ಸೀರೆ ಹಿಡಿದು ಕಾದು ಕೂತ ಆ ಮುದುಕಿಗೆ ಯಾವ ಮುಖದಿಂದ ಕ್ಷಮೆ ಕೇಳುವುದು?

ಬಹಳ ಹೊತ್ತು ಅತ್ತಳು. ಅವನು ತಡೆಯಲಿಲ್ಲ. ನೀರಿನ ತಂಬಿಗೆ ತಂದು ಪಕ್ಕಕ್ಕಿಟ್ಟ.

"ಕನಕಾ, ಆ ಕತಿ ಕಡೀ ಮಾತು ಏನಿತ್ತು?"

"ಈಗ ಯಾಕ ಅದು?"

"ಕೇಳಾಕ ಬಂದೇನಿ. ಇವತ್ತ ಏಳಂಗಿಲ್ಲ."

ಕನಕರಾಜ ಅವಳನ್ನೇ ದಿಟ್ಟಿಸಿದ. ಆಮೇಲೆ ಎದ್ದು, ಗೂಟದಲ್ಲಿದ್ದ ಟವೆಲನ್ನು ಹೆಗಲಿಗೆ ಹಾಕಿಕೊಂಡ. ಗಂಟಲು ಸರಿಮಾಡಿಕೊಂಡ. ಮೂರು ವರ್ಷದ ಹಿಂದೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎತ್ತಿಕೊಂಡ.

"...ಹಿಂಗ ಬೈಕೋತ, ರಮಿಸಿಕೋತ, ಆ ಹುಡುಗಿ ದಿನಾ ಸಾವಿರ ಹೂವಿಗೆ ದಾರ ಕಟ್ಟತಿದ್ಲರಿ. ಒಂದಿನ ಕೈತಪ್ಪಿ ಒಬ್ಬ ಮೈಕ್‌ಸೆಟ್ಟಿನಾಂವನ ಬೆರಳಿಗೆ ಕಟ್ಟಿದ್ಲು. ಬ್ಯಾರೇದೋರು ಮುಟ್ಟಂಗಿಲ್ಲ, ಕಂಪನಿ ರೂಲು! ಪಾಪ ಆ ಹುಡುಗ ಬೆರಳ ಎತ್ತಿ ಹಿಡಕೊಂಡ ನಿಂತಾನರಿ ಇನ್ನೂ..."

ಅವನ ದನಿ ಒಡೆಯಿತು. ಆದರೂ ನಿಲ್ಲಿಸಲಿಲ್ಲ.

"...ದಾರ ಕಟ್ಟಿದಾಕಿನ ಬಂದು ಕಾಯಿ ಬಿಡಿಸಿಕೊಂಡು ಹೋಗಬೇಕು, ಅದೂ ಕಂಪನಿ ರೂಲು ಅಂತ!"

ಕಾವೇರಿ ನಕ್ಕಳು. ನಗುತ್ತಲೇ ಬಿಕ್ಕಿದಳು. ಇಷ್ಟೇ ಮಾತು! ಆವತ್ತು ಇನ್ನೆರಡು ನಿಮಿಷ ಕೂತಿದ್ದರೆ ಹಾವೇರಿಯ ಆ ತುಂಬಿದ ಸಭೆಯಲ್ಲಿ, ದೇವವ್ವನ ಎದುರಿನಲ್ಲೇ ಕೇಳಿರುತ್ತಿದ್ದಳು.

"ಮೂರು ವರ್ಷ ತಡ ಆತು ಕನಕಾ. ಕಾಯಿ ಒಣಗಿ ಹೋಗಿರಬೇಕು..."

"ಬ್ಯಾಡಗ್ಯಾಗ ನಿಂತು ಈ ಮಾತ ಅಂತೀಯಲ್ಲ! ಒಣಗಿದ ಕಾಯ್ಯಾಗ ಬೀಜ ಇರತೈತಿ. ಬೀಜದ ಕಂಪನಿಯಾಕಿಗೆ ಅದನ್ನೂ ನಾ ಹೇಳಬೇಕೇನು?"

ಅವನು ಒಳಗೆ ಹೋಗಿ ಟ್ರಂಕು ತೆರೆದ. ಮಡಿಕೆ ಮುರಿಯದ ಹಸಿರು ಇಳಕಲ್ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಕಾವೇರಿ ಎದ್ದು ನಿಂತು ಓಡ್ನಿಯ ಸೆರಗನ್ನು ಒಡ್ಡಿದಳು.

"ಕುಪ್ಪೇಲೂರ ದೇವವ್ವನವರಿಂದ ಆಯಾರ," ಎಂದ ಕನಕರಾಜ, ವೇದಿಕೆಯ ಮೇಲೆ ಹೇಳುವಂತೆಯೇ. ಮೈಕು ಮಾತ್ರ ಇರಲಿಲ್ಲ.

ಅವಳು ಸೀರೆಯನ್ನು ಕಣ್ಣಿಗೊತ್ತಿಕೊಂಡಳು. "ಅತ್ತಿ, ತಪ್ಪಾತು..." ಎಂದಳು. ಕೇಳಬೇಕಾದವಳು ಇರಲಿಲ್ಲ.

ಕನಕರಾಜ ಟವೆಲಿನ ತುದಿಯಿಂದ ಅವಳ ಕೆನ್ನೆ ಒರೆಸಿದ.

"ಇನ್ನೊಂದು ಕತಿ ಐತಿ ಕಾವೇರಿ. ಭಾಳ ಉದ್ದ ಐತಿ, ನಡುನಡುವ ಸಿಟ್ಟೂ ಬರತೈತಿ. ಕುಂದರತೀಯೇನು?"

"ಕಡೀ ಮಾತು ಬರೂತನಕ ಕುಂದರತೇನಿ," ಎಂದಳು ಅವಳು. "ನೀ ಹೇಳು."