ಕಪ್ಪಾದ ಜೋಡಿ ಪಿಸ್ತೂಲು

ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಟಿಂಬರ್ ವ್ಯಾಪಾರಿ ಕೂರುವ ಮೊದಲೇ ಮೇಜು ಕುಟ್ಟಿದ. ಅವನ ಮನೆಯ ಗಾಜಿನ ಕಪಾಟಿನಲ್ಲಿದ್ದ, ಇನ್ನೂರು ವರ್ಷ ಹಳೆಯ ಜೋಡಿ ಪಿಸ್ತೂಲು ಹಿಂದಿನ ದಿನ ಮಧ್ಯಾಹ್ನ ಕಳವಾಗಿದ್ದವು.

“ಕದ್ದವನು ನನ್ನ ಭಾವ, ಆ ಹಲ್ಲಿನ ಡಾಕ್ಟ್ರು. ಹೋಗಿ ಎಳ್ಕೊಂಡು ಬನ್ನಿ.”

“ನೋಡಿದವರು ಯಾರು?” ಇನ್ಸ್‌ಪೆಕ್ಟರ್ ಕೇಳಿದರು.

“ನೋಡೋದೇನು? ಅವನೇ ನನಗೆ ಮಾರಿದ್ದು. ಆಮೇಲೆ ವಾಪಸ್ ಕೊಡು ಅಂತ ಪ್ರಾಣ ತಿಂತಿದ್ದ.”

ಆ ದರ್ಪ ಕಂಡು ಇನ್ಸ್‌ಪೆಕ್ಟರಿಗೆ ಮೈ ಉರಿಯಿತು. ಆದರೂ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಜೊತೆ ಸ್ಥಳ ಪಂಚನಾಮೆಗೆ ಹೊರಟರು.

ಗಾಜು ಒಡೆದಿರಲಿಲ್ಲ, ಬೀಗ ಹಾಕಿದಂತೆಯೇ ಇತ್ತು. ಕಳ್ಳನು ಕಪಾಟಿನ ಬಾಗಿಲ ಕೀಲುಗಳ ಸ್ಕ್ರೂ ಬಿಚ್ಚಿ, ಸಾಲಾಗಿ ಜೋಡಿಸಿಟ್ಟು ಹೋಗಿದ್ದ. ಒಂದರ ತಲೆಯ ಮೇಲೂ ಗೀರಿಲ್ಲ.

“ಮರ್ಯಾದಸ್ಥ ಕಳ್ಳ ಸಾರ್,” ಎಂದು ಹೆಡ್ ಕಾನ್‌ಸ್ಟೇಬಲ್ ನಕ್ಕ.

ಕಳವಾದಾಗ ಮನೆಯಲ್ಲಿದ್ದವಳು ವ್ಯಾಪಾರಿಯ ಅಕ್ಕ, ಅಂದರೆ ಡಾಕ್ಟರ ಹೆಂಡತಿ. ಗಂಡನ ಮೇಲೆ ಮುನಿದು ತಮ್ಮನ ಮನೆ ಸೇರಿ ನಾಲ್ಕು ತಿಂಗಳಾಗಿತ್ತು.

“ಪಕ್ಕದ ರೂಮಲ್ಲಿ ಮಲಗಿದ್ದೆ, ಮುಂಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಏನೂ ಕೇಳಿಸಲಿಲ್ಲ. ಮನೇಲಿ ಪಿಸ್ತೂಲು ಬೇಡ, ಮಾರಿ ಅಂತ ಅವರಿಗೆ ಅಂದೋಳು ನಾನೇ. ಮಾರಿದ ಮೇಲೆ ನನ್ನ ಮುಖ ಕಂಡ್ರೆ ಉರಿದು ಬೀಳ್ತಿದ್ರು. ಬಂದ್ಬಿಟ್ಟೆ.”

ಡಾಕ್ಟರ ಕ್ಲಿನಿಕ್ಕಿನ ಡ್ರಾಯರಿನಲ್ಲಿ, ಹಲ್ಲು ಕೀಳುವ ಇಕ್ಕಳಗಳ ಕೆಳಗೆ, ಬಟ್ಟೆಯಲ್ಲಿ ಸುತ್ತಿದ ಎರಡು ಪಿಸ್ತೂಲು ಸಿಕ್ಕವು. ಗುರುತು ಹಿಡಿಯಲು ಇನ್ಸ್‌ಪೆಕ್ಟರ್ ವ್ಯಾಪಾರಿಯನ್ನು ಅಲ್ಲಿಗೇ ಕರೆಸಿದರು.

“ಇವಲ್ಲ! ನನ್ನವು ಕನ್ನಡಿ ಥರ ಹೊಳೀತಿದ್ದವು. ನಾನೇ ಪಾಲಿಶ್ ಹಾಕಿಸಿದ್ದೆ. ಇದ್ಯಾವ್ದೋ ಕರಿ ಹಿಡಿದ ಗುಜರಿ ಮಾಲು.”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. ದೂರುದಾರನೇ ಇವು ತನ್ನವಲ್ಲ ಎಂದರೆ ಕೇಸು ಮುಗಿದಂತೆ. ಡಾಕ್ಟರ್ ಸುಮ್ಮನಿದ್ದರೆ ಸಾಕಿತ್ತು.

“ಗುಜರೀನಾ?” ಡಾಕ್ಟರ್ ಎದ್ದು ನಿಂತ. “ಆರು ತಿಂಗಳು ಮನೇಲಿಟ್ಕೊಂಡು ಒಂದ್ಸಲನಾದ್ರೂ ಕಣ್ಣು ಬಿಟ್ಟು ನೋಡಿದ್ಯೇನೋ? ಇನ್ನೂರು ವರ್ಷ ಕೂತ ಕಪ್ಪು ಬಣ್ಣಾನ ತಪ್ಪಲೆ ತಿಕ್ಕಿದ ಹಾಗೆ ತಿಕ್ಕಿಸಿಬಿಟ್ಟೆಯಲ್ಲೋ, ಪಾಪಿ! ಆ ಹೊಳಪು ತೆಗೆದು ಮತ್ತೆ ಕಪ್ಪು ಹಿಡಿಸೋಕೆ ರಾತ್ರಿಯೆಲ್ಲ ಕೂತಿದ್ದೀನಿ. ಅವೇ ಇವು. ತಂದವನು ನಾನೇ.”

ಅಷ್ಟಕ್ಕೆ ಬಿಡದೆ ಪಿಸ್ತೂಲಿನ ಹಿಡಿ ಬಿಚ್ಚಿ, ಒಳಗೆ ಕೊರೆದಿದ್ದ ನಂಬರನ್ನೂ ತೋರಿಸಿದ. ವ್ಯಾಪಾರಿ ದೂರಿನ ಜೊತೆ ಕೊಟ್ಟಿದ್ದ ಮಾರಾಟದ ರಸೀದಿಯಲ್ಲಿದ್ದ ನಂಬರೇ ಅದು. ಜಪ್ತಿ ಪಂಚನಾಮೆ ಬರೆದು, ಸಂಜೆ ಡಾಕ್ಟರನ್ನು ಬಂಧಿಸಲಾಯಿತು.

ಜೀಪಿನಲ್ಲಿ ಇನ್ಸ್‌ಪೆಕ್ಟರಿಗೆ ತಡೆಯಲಾಗಲಿಲ್ಲ. “ಅಷ್ಟು ದೂರ ಹೋದೋರು, ಪಕ್ಕದ ರೂಮಲ್ಲಿದ್ದ ಹೆಂಡತೀನ ಕರೀಬೇಕು ಅನ್ನಿಸಲಿಲ್ವಾ?”

ಡಾಕ್ಟರ್ ತನ್ನ ಕರಿ ಮೆತ್ತಿದ ಬೆರಳುಗಳನ್ನು ನೋಡಿಕೊಂಡ.

“ಅವಳು ತಾನಾಗೇ ಹೋದಳು ಸಾರ್. ಪಿಸ್ತೂಲುಗಳನ್ನ ನಾನೇ ಕೈಯಾರೆ ಕೊಟ್ಟಿದ್ದು.”