ಗಾಲಿಮನಿಯ ಚೀಟಿ

“ಮುಂದಿನವರು ಬರ್ರಿ!” ಎಂದು ಶಾಲು ಮೇಜು ಕುಟ್ಟಿದಳು.

ಕಿಟಕಿಯ ಹೊರಗೆ ಗೆಳತಿ ಶಮೀಮ ಕೈಮುಗಿದು ನಿಂತಳು. “ಸಾಹೇಬ್ರ, ನಮ್ಮ ಎಮ್ಮಿ ಹಾಲು ಕೊಡವಲ್ದು.”

“ಎಮ್ಮಿಗೆ ಮೂರು ದಿನ ಜೇಲು!” ಶಾಲು ಕಾಗದದ ಚೂರಿನ ಮೇಲೆ ಏನೋ ಗೀಚಿ, ಟಪ್ಪೆಂದು ರಬ್ಬರ್ ಶಿಕ್ಕಾ ಒತ್ತಿದಳು. ಮಸಿಯ ಪ್ಯಾಡು ಒಣಗಿ ಎಷ್ಟು ಕಾಲವಾಗಿತ್ತೋ. ಅವಳು ಅದಕ್ಕೆ ಉಗುಳು ಹಚ್ಚಿ ಹಚ್ಚಿ ಕೆಲಸ ನಡೆಸಿದ್ದಳು.

ಅವಳು ಕುಳಿತಿದ್ದು ಒಂದು ಟ್ರೇಲರಿನಲ್ಲಿ. ಜೀಪಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ ಅದು. ಒಳಗೆ ಎರಡು ಹಲಗೆಯ ಹಾಸಿಗೆ, ಗೋಡೆಯಿಂದ ಬಿಚ್ಚಿಕೊಳ್ಳುವ ಮೇಜು, ಒಂದು ಡ್ರಾಯರು. ಹೊರಗೆ ಮೇಲ್ಚಾವಣಿ ಹತ್ತಲು ಏಣಿ. ನಿಜಾಮರ ಕಾಲದಲ್ಲಿ ಒಬ್ಬ ಎಂಜಿನಿಯರು ಸಾಹೇಬರು ಇದರಲ್ಲೇ ಮಲಗಿ, ಇದರಲ್ಲೇ ಉಂಡು ರಸ್ತೆ ಕೆಲಸ ನೋಡುತ್ತಿದ್ದರಂತೆ. ಅವರು ಹೈದರಾಬಾದಿಗೆ ಹೊರಟಾಗ ಇದಕ್ಕೆ ಒಂದು ಗಾಲಿಯೇ ಇರಲಿಲ್ಲ. “ಮಚ್ಛೇಂದ್ರ, ನೀನೇ ಇಟ್ಕೋ” ಎಂದು ಶಾಲುವಿನ ಅಪ್ಪನಿಗೆ ಬಿಟ್ಟು ಹೋದರು.

ಅಪ್ಪನಿಗೆ ಬೀದರದ ಗಾಂಧಿ ಗಂಜಿನ ಹತ್ತಿರ ಲಾರಿ ರಿಪೇರಿ ಮಾಡುವ ಗ್ಯಾರೇಜು. ಎರಡು ತಿಂಗಳು ಬಡಿದು, ಬೆಸೆದು, ಹಸಿರು ಬಣ್ಣ ಬಳಿದು ಅದನ್ನು ಎಬ್ಬಿಸಿ ನಿಲ್ಲಿಸಿದ. ಬಾಗಿಲ ಮೇಲಿದ್ದ ಹಳೆಯ ಸರಕಾರದ ಗುರುತು ಮಾತ್ರ ಹಸಿರಿನ ಕೆಳಗಿಂದ ಇಣುಕುತ್ತಲೇ ಇತ್ತು. ಮಕ್ಕಳು ಅದಕ್ಕೆ ಗಾಲಿಮನಿ ಎಂದು ಹೆಸರಿಟ್ಟರು.

ಮೊದಲ ಸಲ ಕಮಠಾಣದವರೆಗೆ ಹೋಗಿದ್ದರು. ಹೋಗುವಾಗ ಗಾಲಿಮನಿಗೆ ಬಾಗಿಲು ಇತ್ತು. ಬರುವಾಗ ಬಾಗಿಲು ಜೀಪಿನಲ್ಲಿ ಕೂತು ಬಂತು.

ಇದು ಎರಡನೆಯ ಸಲ. ಜೀಪು ಶಮೀಮಳ ಅಬ್ಬಾ ಗೌಸೋದ್ದೀನರದು, ಮಿಲಿಟರಿ ಹರಾಜಿನಲ್ಲಿ ತಂದದ್ದು. ಭಾಲ್ಕಿ ದಾಟಿ, ಕಮಲನಗರದ ಹೊರಗೆ, ರಸ್ತೆ ಪಕ್ಕದ ದಿಬ್ಬದ ಮೇಲೆ ಗಾಲಿಮನಿ ನಿಂತಿತ್ತು. ರಾತ್ರಿ ಇಲ್ಲೇ ಇದ್ದು ನಕ್ಷತ್ರ ನೋಡುವುದು ಎಂದು ಅಪ್ಪನ ಲೆಕ್ಕ.

“ಅಮಾಸಿ ಹೊತ್ತಿನಾಗ ಯಾರಾದ್ರೂ ಮನಿ ಬಿಟ್ಟು ಬಯಲಾಗ ಮಲಗ್ತಾರೇನ್ರಿ?” ಎಂದು ಅವ್ವ ಬೆಳಿಗ್ಗೆ ಜಗಳಕ್ಕೆ ನಿಂತಿದ್ದಳು.

“ಚಿಕ್ಕಿ ನೋಡ್ಲಿಕ್ಕೆ ಅಮಾಸಿನೇ ಬೇಕು. ಹುಣ್ಣಿಮಿಗೆ ಹೋಗಿ ಏನ್ ನೋಡೋದು, ನೀ ಕಟ್ಟಿಕೊಟ್ಟ ರೊಟ್ಟಿನಾ?”

ಅವ್ವ ಸಿಟ್ಟಿನಲ್ಲೇ ನಾಲ್ಕು ದಿನಕ್ಕಾಗುವಷ್ಟು ರೊಟ್ಟಿ ಕಟ್ಟಿಕೊಟ್ಟಿದ್ದಳು.

ಈಗ ಅಪ್ಪನೂ ಗೌಸೋದ್ದೀನ ಚಾಚಾನೂ ನೀರು, ಸೀಮೆಎಣ್ಣೆ ತರಲು ಊರೊಳಗೆ ಹೋಗಿದ್ದರು. ಡ್ರಾಯರಿನಲ್ಲಿ ಎಂಜಿನಿಯರು ಸಾಹೇಬರ ಹಳೆಯ ಶಿಕ್ಕಾ ಸಿಕ್ಕಿತ್ತು. ಇಷ್ಟು ಸಿಕ್ಕ ಮೇಲೆ ಶಾಲು ಸಾಹೇಬಳಾಗದೆ ಇರುತ್ತಾಳೆಯೇ?

“ಮುಂದಿನವರು!”

ಕಿಟಕಿಯಲ್ಲಿ ಶಮೀಮಳ ಬದಲು ಒಬ್ಬ ಅಜ್ಜಿಯ ಮುಖ ಕಾಣಿಸಿತು. ತಲೆ ತುಂಬ ಸೆರಗು, ಕಂಕುಳಲ್ಲಿ ಒಂದು ಗಂಟು.

“ಸಾಹೇಬ್ರು ಒಳಗ ಅದಾರೇನವ್ವಾ?”

ಶಾಲು ತಡವರಿಸಿದಳು. “ಊರಾಗ ಹೋಗ್ಯಾರ್ರಿ.”

“ನೀ ಅವರ ಮಗಳಾ?”

“ಹೂಂ.”

ಅಪ್ಪ ಊರೊಳಗೆ ಹೋಗಿದ್ದು ನಿಜ. ತಾನು ಮಗಳೆನ್ನುವುದೂ ನಿಜ. ಆದರೆ ಅಪ್ಪ ಸಾಹೇಬನಲ್ಲ. ಅದೊಂದನ್ನು ಮಾತ್ರ ಶಾಲು ಹೇಳಲಿಲ್ಲ.

“ಹೊಸ ಮೈಸೂರು ಸರ್ಕಾರದ ಸಾಹೇಬ್ರ ಗಾಡಿ ಬಂದದ ಅಂದ್ರು. ಓಡಿ ಬಂದೆ,” ಎಂದಳು ಅಜ್ಜಿ. “ನಾ ಸುಭದ್ರಾಬಾಯಿ. ಆ ಬೇವಿನ ಮರದ ಹಿಂದ ನಮ್ಮ ಮನಿ ಅದ. ನನಗೊಂದು ಚೀಟಿ ಬೇಕವ್ವಾ.”

“ಎಂಥಾ ಚೀಟಿ?”

“ಗಡಿ ದಾಟ್ಲಿಕ್ಕೆ. ನನ್ನ ಮಗಳು ಕೌಸಲ್ಯಾನ್ನ ಉದಗೀರ ಕಡಿ ಹಳ್ಳಿಗೆ ಕೊಟ್ಟೀನಿ. ಎರಡು ಹರದಾರಿ, ಅಷ್ಟೇ. ಚೊಚ್ಚಲ ಬಸರಿ. ದೀಪಾವಳಿ ಮುಗೀಲಿ, ಹಡೀಲಿಕ್ಕೆ ಕರ್ಕೊಂಡು ಬರ್ತೇನಿ ಅಂತ ಕುಂತೆ. ಅಷ್ಟ್ರಾಗ ಉದಗೀರ ಮುಂಬೈ ರಾಜ್ಯಕ್ಕ ಹೋತಂತ, ನಾವು ಮೈಸೂರಿಗೆ ಬಂದ್ವಂತ. ಚೀಟಿ ಇಲ್ದ ಆ ಕಡಿ ಬಿಡಂಗಿಲ್ಲಂತ ಚಾವಡಿ ಮುಂದ ಎಲ್ಲಾರೂ ಅಂತಾರ.”

ಶಾಲುವಿಗೂ ಅದಿಷ್ಟು ಗೊತ್ತಿತ್ತು. ಶಾಲೆಯಲ್ಲಿ ಬೂಂದಿ ಹಂಚಿ, “ಇವತ್ತಿನಿಂದ ನಾವು ಮೈಸೂರು ರಾಜ್ಯದವರು” ಎಂದು ಗುರುಗಳು ಹೇಳಿ ಇವತ್ತಿಗೆ ಸರಿಯಾಗಿ ಒಂದು ತಿಂಗಳು. ಮರುದಿನ ಎದ್ದು ನೋಡಿದರೆ ಬೀದರ ಬೀದರದಲ್ಲೇ ಇತ್ತು. ಹಾಗಾಗಿ ಅವಳು ಅದನ್ನು ಅಷ್ಟಕ್ಕೇ ಬಿಟ್ಟಿದ್ದಳು.

“ಎರಡು ಸಲ ಆಫೀಸಿಗೆ ಹೋದೆ,” ಅಜ್ಜಿ ಹೇಳುತ್ತಲೇ ಇದ್ದಳು. “ಹಳೇ ಸಾಹೇಬ್ರು ಹೋಗ್ಯಾರ, ಹೊಸಬ್ರು ಬಂದಿಲ್ಲ ಅಂದ್ರು. ಮಗಳು ಅಲ್ಲೇ ಹಡದ್ಳು. ಹೆಣ್ಣು ಕೂಸು ಅಂತ ಸುದ್ದಿ ಬಂತು. ತೊಟ್ಟಿಲದಾಗೂ ಹಾಕಿದ್ರಂತ. ನಾ ಇನ್ನಾ ಮುಖಾ ನೋಡಿಲ್ಲ.”

ಅವಳು ಗಂಟು ಕೆಳಗಿಟ್ಟು ಎರಡೂ ಕೈ ಮುಗಿದಳು. ಇಷ್ಟು ದೊಡ್ಡವರು ಶಾಲುವಿಗೆ ಯಾವತ್ತೂ ಕೈ ಮುಗಿದಿರಲಿಲ್ಲ. ಅವಳಿಗೆ ಪಾಪ ಎನಿಸಿತು. ಸುಳ್ಳು ಯಾಕೆ ಹೇಳಬೇಕು, ಹಿತವಾಗಿಯೂ ಇತ್ತು.

ಅವಳು ನೋಟುಬುಕ್ಕಿನ ಒಂದು ಹಾಳೆ ಹರಿದು ದುಂಡಗೆ ಬರೆದಳು: ‘ಸುಭದ್ರಾಬಾಯಿ ಇವರನ್ನು ಉದಗೀರ ಕಡೆಗೆ ಹೋಗಲು ಬಿಡಬೇಕು.’ ಪ್ಯಾಡಿಗೆ ಉಗುಳು ಹಚ್ಚಿ ಶಿಕ್ಕಾ ಒತ್ತಿದಳು.

ಅಜ್ಜಿ ಚೀಟಿಯನ್ನು ಕಣ್ಣಿಗೊತ್ತಿಕೊಂಡಳು. ಗಂಟು ಬಿಚ್ಚಿ, ಕುದಿಸಿದ ತೊಗರಿಕಾಯಿಯನ್ನು ಎರಡು ಬೊಗಸೆ ಕಿಟಕಿಯಲ್ಲಿ ಸುರಿದಳು. “ನಾಳಿ ಬೆಳ್ಳಿ ಚಿಕ್ಕಿ ಮೂಡಿದ ಕೂಡ್ಲೆ ಹೊಂಡ್ತೇನವ್ವಾ,” ಎಂದು ಹೊರಟೇ ಹೋದಳು.

ಶಮೀಮಳ ನಗು ಯಾವಾಗಲೋ ನಿಂತಿತ್ತು. “ಲೇ ಶಾಲೂ, ಅದು ಆಟದ್ದು.”

“ಆಯಿಗೆ ಖುಷಿ ಆತಲ್ಲ,” ಎಂದು ಶಾಲು ತೊಗರಿಕಾಯಿ ಸುಲಿದು ಬಾಯಿಗೆ ಹಾಕಿಕೊಂಡಳು.

ಕತ್ತಲಾಯಿತು. ರೊಟ್ಟಿ, ಶೇಂಗಾ ಹಿಂಡಿ ತಿಂದು ನಾಲ್ವರೂ ಗಾಲಿಮನಿಯ ಮೇಲೆ ಹತ್ತಿ ಕಂಬಳಿ ಹಾಸಿ ಮಲಗಿದರು. ಕಂದೀಲು ಆರಿಸಿದ್ದೇ ತಡ, ಆಕಾಶ ಒಮ್ಮೆಲೇ ಕೆಳಗಿಳಿದಂತೆ ಆಯಿತು. ಗಂಜಿನ ದೀಪಗಳ ನಡುವೆ ಇಷ್ಟು ನಕ್ಷತ್ರ ಯಾರೂ ನೋಡಿರಲಿಲ್ಲ.

“ಆ ಕೆಂಪನ್ನದು ಮಂಗಳ,” ಎಂದ ಅಪ್ಪ. “ಅಲ್ಲಿ ಮೂರು ಒಂದೇ ಸಾಲಿನಾಗ ಮೂಡ್ಯಾವ ನೋಡು, ಅದಕ್ಕ ನಾವು ಸಣ್ಣವರಿದ್ದಾಗ ಕೂರಿಗಿ ಅಂತಿದ್ವಿ.”

“ಈ ಗೊಂಚಲು ನೋಡ್ರಿ. ಇದು ಝುಮಕಾ,” ಎಂದರು ಗೌಸೋದ್ದೀನ ಚಾಚಾ. “ಲಾರಿ ಕ್ಲೀನರ್ ಇದ್ದಾಗ ಇದನ್ನ ನೋಡೇ ರಾತ್ರಿ ಕಳೀತಿದ್ದೆ. ನಿಜಾಮ್ ಸರ್ಕಾರದ ನಾಕಾದಾಗ ನಿಂತ್ರ ಆತು, ಬೆಳತನಕಾ ಬಿಡ್ತಿದ್ದಿಲ್ಲ. ಗಡಿ ದಾಟೋ ಮಾಲೆಲ್ಲಾ ಬಿಚ್ಚಬೇಕು, ಕಾಗದಾ ತೋರಿಸ್ಬೇಕು. ಒಂದ್ಸಲ ಒಬ್ಬಾಂವ ಸುಳ್ಳು ಕಾಗದಾ ತೋರ್ಸಿದ. ಸೀದಾ ಅಂದರ್!”

“ಅಂದ್ರ?” ಎಂದಳು ಶಾಲು.

“ಅಂದ್ರ ಜೇಲಿಗೆ, ಬೇಟಾ.”

ಕತ್ತಲಲ್ಲಿ ಶಮೀಮ ಮೊಣಕೈಯಿಂದ ತಿವಿದಳು. ಅಪ್ಪ ಇನ್ನೂ ಏನೇನೋ ತೋರಿಸಿದ. ಶಾಲು ಎಲ್ಲದಕ್ಕೂ ಹೂಂ ಎಂದಳು. ಒಂದನ್ನೂ ನೋಡಲಿಲ್ಲ. ಕಣ್ಣ ಮುಂದೆ ನಾಕಾದ ಪೊಲೀಸ, ಅವನೆದುರು ಸೆರಗು ಹೊದ್ದ ಅಜ್ಜಿ, ಅವಳ ಕೈಯಲ್ಲಿ ಉಗುಳಿನ ಶಿಕ್ಕಾದ ಚೀಟಿ.

ನಿದ್ದೆ ಬಂದು ಹೋಗಿ ಮಾಡಿತು. ನಸುಕಿನಲ್ಲಿ ಅಪ್ಪ ಚಹಾಕ್ಕೆ ಸ್ಟೋವು ಹಚ್ಚುವಾಗ ಶಾಲು ಹತ್ತಿರ ಬಂದು ನಿಂತಳು. ಒಂದೇ ಉಸಿರಿಗೆ ಎಲ್ಲ ಹೇಳಿ ಅತ್ತಳು.

ಅಪ್ಪ ಮೊದಲು ನಕ್ಕ. “ಹುಚ್ಚಿ, ಈಗ ನಾಕಾ ಎಲ್ಲದ? ಅದು ಹೋಗಿ ಎಷ್ಟು ದಿನಾ ಆತು. ಆ ಕಡಿ ಈ ಕಡಿ ಯಾರು ಬೇಕಾದ್ರೂ ಹೋಗಬಹುದು. ಯಾರೂ ಕೇಳಂಗಿಲ್ಲ.”

“ಖರೇ?”

“ಖರೇ.” ಆಮೇಲೆ ಅಪ್ಪನ ನಗು ನಿಂತಿತು. “ಹೋಗು, ಆ ಆಯಿಗೆ ಹೇಳಿ ಬಾ. ಬರ್ದಾಕಿ ನೀನು, ಹೇಳಾಕಿನೂ ನೀನೇ.”

ಶಾಲುವಿನ ಎದೆ ಹಗುರಾಯಿತು. ಜೇಲಿಲ್ಲ, ಪೊಲೀಸರಿಲ್ಲ. ಹೇಳಬೇಕಾದದ್ದು ಒಳ್ಳೆಯ ಸುದ್ದಿಯೇ. ಬೇವಿನ ಮರದ ಹಿಂದಿನ ಮನೆಗೆ ಬೀಗ ಬಿದ್ದಿತ್ತು. ಅಪ್ಪ ಗಾಲಿಮನಿ ಕಾಯುತ್ತ ಉಳಿದ. ಚಾಚಾ ಇಬ್ಬರು ಹುಡುಗಿಯರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಉದಗೀರದ ರಸ್ತೆ ಹಿಡಿದರು.

ಒಂದು ಮೈಲಿಯೊಳಗೇ ಅಜ್ಜಿ ಸಿಕ್ಕಳು. ಜೀಪು ಕಂಡು, ಸೊಂಟದಲ್ಲಿದ್ದ ಚೀಟಿಯನ್ನು ಅವಸರದಿಂದ ಹೊರಗೆ ತೆಗೆದಳು.

ಶಾಲು ಹಾರಿ ಇಳಿದಳು. “ಆಯೀ, ಚೀಟಿ ಬೇಕಾಗಿಲ್ಲ! ನಾಕಾನೇ ಇಲ್ಲಂತ! ಯಾರು ಬೇಕಾದ್ರೂ ಹೋಗಬಹುದಂತ!”

“ಈಗ ತಗದ್ರಾ?”

“ಇಲ್ಲ ಆಯಿ, ಮೊದಲಿಂದನೂ ಬೇಕಾಗಿದ್ದಿಲ್ಲ! ನಮ್ಮಪ್ಪ ಸಾಹೇಬ್ರಲ್ಲ, ಗ್ಯಾರೇಜದವರು. ಚೀಟಿ ನಾನೇ ಸುಳ್ಳ ಬರ್ದದ್ದು. ಹರಿದು ಒಗೀರಿ ಅದನ್ನ.”

ಅಜ್ಜಿ ಸಿಟ್ಟಾಗಲಿಲ್ಲ. ನಗಲೂ ಇಲ್ಲ. ರಸ್ತೆ ಬದಿಯ ಕಲ್ಲಿನ ಮೇಲೆ ನಿಧಾನವಾಗಿ ಕುಳಿತಳು.

“ಅಂದ್ರ ನಾ ಅವತ್ತೇ ಹೋಗಬಹುದಿತ್ತು,” ಎಂದಳು.

ಶಾಲು ನಗುತ್ತ ನಿಂತಿದ್ದಳು. ಆ ನಗುವನ್ನು ಈಗ ಏನು ಮಾಡಬೇಕೋ ತಿಳಿಯಲಿಲ್ಲ.

“ಅಕಿ ಹಡಿಯೋ ಬ್ಯಾನಿ ತಿನ್ನೋ ಮುಂದ ಅವ್ವಾ ಅವ್ವಾ ಅಂತ ಒದರಿದ್ಳಂತ,” ಎಂದಳು ಅಜ್ಜಿ, ಯಾರಿಗೂ ಅಲ್ಲದೆ. “ನಾ ಇಲ್ಲೇ ಇದ್ದೆ. ಎರಡು ಹರದಾರಿ.”

ಇದರಲ್ಲಿ ಶಾಲುವಿನ ತಪ್ಪೇನೂ ಇರಲಿಲ್ಲ. ಚೀಟಿ ಬರೆದದ್ದು ನಿನ್ನೆ, ಅಜ್ಜಿ ಕಾದದ್ದು ಒಂದು ತಿಂಗಳು. ಆದರೂ ಅವಳಿಗೆ ನಿನ್ನೆ ರಾತ್ರಿಗಿಂತ ಕೆಟ್ಟದೆನಿಸಿತು.

“ಕೂಡ್ರಿ ಆಯಿ, ಬಿಟ್ಟು ಬರ್ತೇನಿ,” ಎಂದರು ಚಾಚಾ. ಅಜ್ಜಿ ಎದ್ದಳು. ಚೀಟಿಯನ್ನು ಹರಿಯಲಿಲ್ಲ. ನಾಲ್ಕು ಮಡಿಕೆ ಮಾಡಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಜೀಪು ಹೊರಟಿತು. ಎರಡೂ ಕಡೆ ತೊಗರಿ ಹೊಲ. ಬಹಳ ಹೊತ್ತಿನ ಮೇಲೆ ಅಜ್ಜಿ ಕೇಳಿದಳು, “ಗಡಿ ಇನ್ನಾ ಎಷ್ಟು ದೂರ ಅದ?”

“ಯಾವಾಗೋ ದಾಟಿದ್ವಿ, ಆಯಿ,” ಎಂದರು ಚಾಚಾ.

ಅವಳು ತಿರುಗಿ ನೋಡಿದಳು. ಶಾಲುವೂ ನೋಡಿದಳು. ಹಿಂದೆಯೂ ತೊಗರಿ ಹೊಲವೇ ಇತ್ತು.

ಹಳ್ಳಿ ಬಂತು. ಚಾಚಾ ಜೀಪಿನಲ್ಲೇ ಉಳಿದರು. ಹುಡುಗಿಯರು ಅಜ್ಜಿಯ ಗಂಟು ಹೊತ್ತು ಹಿಂದೆ ನಡೆದರು. ಒಂದು ಮನೆಯ ಕಟ್ಟೆಯ ಮೇಲೆ, ಕಿವಿಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ ಕೂಸನ್ನು ಬಿಸಿಲಿಗೆ ಹಿಡಿದು ಕೂತಿದ್ದಳು. ಅವಳೇ ಕೌಸಲ್ಯಾ. ಅವ್ವನನ್ನು ಕಂಡು ಎದ್ದಳು. ಮುಖ ಅರಳಿತು, ಮರುಕ್ಷಣವೇ ಬಿಗಿಯಿತು.

“ಈಗ ನೆನಪಾತೇನವ್ವಾ? ಎಷ್ಟು ದಿನಾ ದಾರಿ ನೋಡಿದೆ. ಯಾಕ ಬರ್ಲಿಲ್ಲ ನೀ?”

ಅಜ್ಜಿ ಮೆಟ್ಟಿಲ ಮೇಲೆ ನಿಂತಳು. ಒಂದು ಸಲ ಶಾಲುವಿನ ಕಡೆ ನೋಡಿದಳು. ಸೊಂಟದಿಂದ ಚೀಟಿ ತೆಗೆದು ಬಿಚ್ಚಿ, ಮಗಳ ಮುಂದೆ ಹಿಡಿದಳು.

“ಚೀಟಿ ಸಿಕ್ಕಿದ್ದಿಲ್ಲವ್ವಾ. ಇದಿಲ್ದ ಬಿಡಂಗಿಲ್ಲ. ನಿನ್ನಿ ಸಿಕ್ತು. ಇದೇ ಹುಡುಗಿ ಬರ್ಕೊಟ್ಟಾಳ.”

ಕೌಸಲ್ಯಾಗೆ ಓದು ಬರುತ್ತಿರಲಿಲ್ಲ. ಆದರೂ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, ಶಿಕ್ಕಾದ ಮೇಲೆ ಬೆರಳಾಡಿಸಿದಳು. ಅವಳ ಕಣ್ಣುಗಳು ತುಂಬಿದವು. “ಹೌದೇನವ್ವಾ? ನಾ ಏನೇನೋ ತಿಳ್ಕೊಂಡಿದ್ದೆ,” ಎಂದು ಅವ್ವನ ಭುಜಕ್ಕೆ ಹಣೆ ಹಚ್ಚಿದಳು.

“ಆದ್ರ ಅದು...” ಎಂದು ಶಮೀಮ ಬಾಯಿ ತೆರೆದಳು.

ಶಾಲು ಅವಳ ಕೈ ಹಿಡಿದು ಗಟ್ಟಿಯಾಗಿ ಒತ್ತಿದಳು. ಶಮೀಮ ಬಾಯಿ ಮುಚ್ಚಿದಳು.

ಅಜ್ಜಿ ಕೂಸನ್ನು ಎತ್ತಿಕೊಂಡಳು. ಅದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಆಕಳಿಸಿತು. ಏನಾದರೂ ಮಾತಾಡಬೇಕು ಎಂದು ಶಾಲು ಕೇಳಿದಳು, “ಕೂಸಿನ ಹೆಸರೇನು ಇಟ್ಟೀರಿ ಅಕ್ಕಾ?”

ಅಜ್ಜಿಯೂ ತಲೆಯೆತ್ತಿ ಮಗಳ ಮುಖ ನೋಡುತ್ತ ಕಾದಳು. ಅವಳಿಗೂ ಗೊತ್ತಿರಲಿಲ್ಲ.